ಸಂಧಿಯಲ್ಲಿ ಮೂರನೆಯದೇನು?

ಎರಡು ವಸ್ತುಗಳು ಕೂಡಿಕೊಂಡಾಗ ಅವುಗಳ ನಡುವಿನ ಸಂಬಂಧವೂ ಒಂದು ಪ್ರತ್ಯೇಕ ಪದಾರ್ಥವೆ? ವೈಶೇಷಿಕ ದರ್ಶನದವರು ಹೌದೆಂದರು, ಅವಯವಗಳಲ್ಲಿ ಅವಯವಿಯನ್ನು, ಎಂದರೆ ಬಿಡಿಗಳಲ್ಲಿ ಇಡಿಯನ್ನು, ನೆಲೆಗೊಳಿಸುವ ಸಮವಾಯವನ್ನು ಪದಾರ್ಥಗಳ ಸಾಲಿಗೆ ಸೇರಿಸಿದರು. ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು ಇದನ್ನು ಒಪ್ಪಲಿಲ್ಲ. ಸಮವಾಯ ಬೇರೆಯೇ ಆದರೆ ಅದನ್ನು ಆ ಎರಡಕ್ಕೆ ಕೂಡಿಸಲು ಇನ್ನೊಂದು ಸಮವಾಯ ಬೇಕು, ಅದಕ್ಕೆ ಮತ್ತೊಂದು, ಕೊನೆಯಿಲ್ಲದ ಅನವಸ್ಥೆ. ಈ ವಾದಕ್ಕೆ ಇವತ್ತು ಸಾಕ್ಷ್ಯ ಸಿಗುವುದು ತರ್ಕಶಾಲೆಯಲ್ಲಲ್ಲ. ಬಾಗುವ ಹಲವು ಭಾಗಗಳನ್ನು ಜೋಡಿಸಿ, ಓಡುವ ಯಂತ್ರದ ಮೇಲೆ ಬೀಳುವ ಹೊರೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ಎಂಜಿನಿಯರುಗಳ ಬಳಿ.

ಗಾಳಿಯಿಂದ ವಿದ್ಯುತ್ ತೆಗೆಯುವ ಯಂತ್ರವನ್ನೇ ನೋಡೋಣ. ಪರೀಕ್ಷಾ ಕಟ್ಟೆಗೆ ಬುಡ ಬಿಗಿದ ಒಂಟಿ ರೆಕ್ಕೆಗೆ ತನ್ನದೇ ಕಂಪನಗಳಿವೆ. ಮೂರು ರೆಕ್ಕೆಗಳು ಬಾಗುವ ಗೋಪುರದ ಮೇಲೆ ತಿರುಗತೊಡಗಿದರೆ ಆವರ್ತನಗಳು ಬದಲಾಗುವುದಷ್ಟೇ ಅಲ್ಲ, ಸರದಿಯಂತೆ ಒಂದರ ಹಿಂದೊಂದು ಬಾಗುತ್ತ ಸುತ್ತುವ ಹೊಸ ಕಂಪನಗಳೇ ಹುಟ್ಟುತ್ತವೆ. ಅವು ಯಾವ ಒಂದು ರೆಕ್ಕೆಯವೂ ಅಲ್ಲ. ಹಾಗೆಂದು ಇಡಿಯೇ ಸತ್ಯ, ಬಿಡಿ ಬರೀ ಮಾತು ಎನ್ನಲಾಗದು. 1968ರಲ್ಲಿ ಕ್ರೇಗ್ ಮತ್ತು ಬ್ಯಾಂಪ್ಟನ್ ಪ್ರಕಟಿಸಿದ, ಈಗಲೂ ಬಳಕೆಯಲ್ಲಿರುವ ವಿಧಾನ ಪ್ರತಿ ಭಾಗವನ್ನೂ ಎರಡು ಬಗೆಯ ಆಕಾರಗಳಲ್ಲಿ ವರ್ಣಿಸುತ್ತದೆ. ಸಂಧಿಗಳನ್ನೆಲ್ಲ ಅಲುಗದಂತೆ ಹಿಡಿದಾಗ ಅದು ಒಳಗೇ ಕಂಪಿಸುವ ರೀತಿ ಮೊದಲನೆಯದು. ಒಂದು ಸಂಧಿಯನ್ನು ಮಾತ್ರ ತುಸು ಸರಿಸಿದರೆ ಮೈಯೆಲ್ಲ ಬಾಗುವ ರೀತಿ ಎರಡನೆಯದು. ಇದೂ ಆ ಭಾಗದ ಸ್ವಂತದ್ದೇ. ಆದರೆ ಇನ್ನೊಂದು ಬಂದು ತಾಗಲಿರುವ ಜಾಗವನ್ನು ಮೊದಲೇ ಒಳಗೊಂಡದ್ದು. ಜೋಡಿಸುವಾಗ ಸಂಧಿಯ ಚಲನೆ ಎರಡೂ ಭಾಗಗಳಿಗೆ ಒಂದೇ. ಅಂಟು ಎಂಬುದು ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ವೈಶೇಷಿಕ ಸುಮ್ಮನಿರಲಾರ. ಸಂಧಿಯ ನಿರ್ಬಂಧವನ್ನು ಲಗ್ರಾಂಜ್ ಗುಣಕವೆಂಬ ಹೆಚ್ಚುವರಿ ಅಜ್ಞಾತವಾಗಿ ಬರೆಯುವ ಪದ್ಧತಿಯೂ ಇದೆಯಲ್ಲ, ಸಮವಾಯ ಅದೇ ಎಂದಾನು. ಆದರೆ ಗುಣಕಕ್ಕೆ ದ್ರವ್ಯರಾಶಿಯಿಲ್ಲ; ಒಂದು ಭಾಗ ಇನ್ನೊಂದನ್ನು ಎಷ್ಟು ತಳ್ಳುತ್ತಿದೆ ಎಂಬುದರ ಲೆಕ್ಕ ಅದು. ಚರಗಳನ್ನು ಬೇರೆ ರೀತಿ ಆರಿಸಿಕೊಂಡರೆ ಗುಣಕ ಕಾಣೆಯಾಗುತ್ತದೆ, ಚಲನೆ ಮಾತ್ರ ಹಾಗೆಯೇ ಉಳಿಯುತ್ತದೆ. ಇವೆಲ್ಲ ಲೆಕ್ಕದ ಮಾತು, ಜಗತ್ತಿನದಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೂ ಸಂಧಿಯನ್ನು ಮರೆತು, ಭಾಗ ಬಿಡಿಯಾಗಿ ತೇಲುತ್ತಿದ್ದಾಗಿನ ಕೆಲವೇ ಕಂಪನಗಳಿಂದ ಅದನ್ನು ವರ್ಣಿಸಿದರೆ ಸಂಧಿಯ ಸುತ್ತಲ ಒತ್ತಡವೇ ತಪ್ಪಾಗುತ್ತದೆ. ಇನ್ನು ನಡುವೆ ನಿಜಕ್ಕೂ ಒಂದು ರಬ್ಬರ್ ಬುಷ್ ಇದ್ದರೆ? ಆಗ ಮೂರನೆಯ ವಸ್ತು ಬಂದದ್ದು ಹೌದು, ಆದರೆ ಒಂದಿದ್ದ ಸಂಧಿ ಎರಡಾಯಿತು, ಪ್ರಶ್ನೆ ಇದ್ದಲ್ಲೇ ಇದೆ. ಶಂಕರರ ಅನವಸ್ಥೆ ಇದೇ. ಅವರು ಇಲ್ಲಿಂದ ತಾದಾತ್ಮ್ಯದ, ಎಂದರೆ ಎರಡೂ ಬೇರೆಯಲ್ಲ ಒಂದೇ ಎಂಬ ನಿಲುವಿನ, ಕಡೆಗೆ ನಡೆದರು. ಅಷ್ಟು ದೂರ ಈ ಸಾಕ್ಷ್ಯ ಬರುವುದಿಲ್ಲ. ಬುಡ ಬಿಗಿದಾಗಿನ ಕಂಪನ ಇನ್ನೂ ಆ ರೆಕ್ಕೆಯದ್ದೇ.