ಈ ಎಣ್ಣೆ ಎಲ್ಲಿಂದ ಬಂತು?



ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬಾರದೆಂದು ಧರ್ಮೋಪದೇಶಕಾಂಡದ 20ನೇ ಅಧ್ಯಾಯ ವಿಧಿಸುತ್ತದೆ. ಯುದ್ಧದಲ್ಲೇ ಮರಕ್ಕೆ ಈ ರಕ್ಷಣೆಯಿದ್ದರೆ ವ್ಯಾಪಾರದಲ್ಲಿ ಬೇಡವೇ?

ಕ್ರಿಸ್ಮಸ್ ತಿಂಡಿ ಕರಿಯಲು ನಮ್ಮ ಯುವಜನರು ಕೊಳ್ಳುತ್ತಿದ್ದುದು ಅಗ್ಗದ ಪಾಮೋಲಿನ್ ಡಬ್ಬಿ. ಆ ಎಣ್ಣೆ ಹೆಚ್ಚಾಗಿ ಬರುವುದು ಇಂಡೋನೇಷ್ಯಾ, ಮಲೇಷ್ಯಾದಿಂದ. ಅಲ್ಲಿ ತಾಳೆ ತೋಟಕ್ಕಾಗಿ ಮಳೆಕಾಡು ಕಡಿದಿದ್ದಾರೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ತಾಳೆ ಎಣ್ಣೆ, ಕಾಫಿ ಬೇಡವೆಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಜಾರಿಯನ್ನು ಎರಡು ಸಲ ಮುಂದೂಡಿತು. ಮನಸ್ಸಾಕ್ಷಿಯನ್ನು ನಾವು ಮುಂದೂಡುವುದು ಬೇಡ.

ಸೊಲ್ಲಾಪುರ, ಅಕ್ಕಲಕೋಟೆಯಲ್ಲಿ ಕಿರಾಣಿ, ಬೇಕರಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಎಣ್ಣೆ ಎಲ್ಲಿಯದೆಂದು ಸಗಟು ವ್ಯಾಪಾರಿಯನ್ನು ಕೇಳಿರಿ. ಈ ಸಲ ನಾವು ನಮ್ಮ ಭಾಗದ ಶೇಂಗಾ ಎಣ್ಣೆಯಲ್ಲೇ ಕರಿಯುತ್ತೇವೆ. ಬೆಲೆ ತುಸು ಹೆಚ್ಚಾದೀತು, ಪ್ರೀತಿಯಿಂದ ಕೊಳ್ಳಿರಿ.