ಗೊತ್ತಾದ ಮೇಲೆ

ನಮ್ಮ ಪೇಟೆಂಟ್ ಕಾನೂನಿನೊಳಗೆ ಒಬ್ಬ ಮನುಷ್ಯ ವಾಸವಾಗಿದ್ದಾನೆ. ಅವನಿಗೆ ಹೆಸರಿಲ್ಲ, ಊರಿಲ್ಲ, ವಯಸ್ಸಿಲ್ಲ. ತನ್ನ ಕಸುಬಿನ ಬಗ್ಗೆ ಜಗತ್ತಿನಲ್ಲಿ ಎಲ್ಲೇ ಏನೇ ಪ್ರಕಟವಾಗಿದ್ದರೂ ಅವನು ಅದನ್ನು ಓದಿದ್ದಾನೆ ಎಂದೇ ಭಾವಿಸಬೇಕು. ಆದರೆ ಅಷ್ಟೆಲ್ಲ ಓದಿಯೂ ಅವನು ಪ್ರತಿಭಾವಂತನಾಗಿರಕೂಡದು. 1970ರ ಕಾಯ್ದೆ ಅವನನ್ನು ಆ ವಿದ್ಯೆಯಲ್ಲಿ ನುರಿತ ವ್ಯಕ್ತಿ ಎಂದು ಕರೆಯುತ್ತದೆ. ಯಾರಾದರೂ ಹೊಸದೊಂದನ್ನು ಕಂಡುಹಿಡಿದಿದ್ದೇನೆ ಎಂದು ಅರ್ಜಿ ಹಾಕಿದರೆ ಪರೀಕ್ಷಕರು ಮನಸ್ಸಿನಲ್ಲೇ ಈ ಮನುಷ್ಯನನ್ನು ಕರೆದು ಕೂರಿಸಿ ಕೇಳಬೇಕು: ಅರ್ಜಿ ಹಾಕಿದ ದಿನ ಇದು ನಿನಗೆ ಸಹಜವಾಗಿ ಹೊಳೆಯುತ್ತಿತ್ತೇ? ಹೊಳೆಯುತ್ತಿತ್ತು ಎಂದರೆ ಪೇಟೆಂಟ್ ಇಲ್ಲ. ಇಲ್ಲ ಎಂದರೆ, ಉಳಿದದ್ದೆಲ್ಲ ಸರಿಯಿದ್ದರೆ, 20 ವರ್ಷ ಆ ವಸ್ತುವನ್ನು ಮಾಡುವ ಮಾರುವ ಹಕ್ಕು ಒಬ್ಬರದೇ.

ಕಳೆದ ವರ್ಷ ಈ ಮನುಷ್ಯನ ಬಾಯಾಗಿ ನಾನು ಮಾತಾಡಬೇಕು, ಅದೂ ಪ್ರಮಾಣ ಮಾಡಿ ಮಾತಾಡಬೇಕು ಎಂಬ ಬೇಡಿಕೆ ಬಂತು. ಆಗಿನಿಂದ ಅವನು ನನ್ನನ್ನು ಬಿಟ್ಟಿಲ್ಲ.

ನನ್ನ ಸಂಶೋಧನೆ ಬ್ಯಾಟರಿ ಪ್ಯಾಕುಗಳ ಮೇಲ್ವಿಚಾರಣೆಯ ಕುರಿತದ್ದು. ಸಾಹಿತ್ಯದ ಓದುಗರಿಗೆ ಇದು ಒಣ ವಿಷಯ ಅನ್ನಿಸಬಹುದು, ಆದರೆ ಒಂದು ಸ್ಕೂಟರಿನ ಸೀಟಿನ ಕೆಳಗೆ ನಡೆಯುವ ನಾಟಕ ಸಣ್ಣದಲ್ಲ. ಒಂದು ಲಿಥಿಯಂ ಅಯಾನ್ ಸೆಲ್ ಸುಮಾರು 3.6 ವೋಲ್ಟಿನದು. ಅಂಥ 14 ಸೆಲ್‌ಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ ಸಾಲಾಗಿ ಜೋಡಿಸಿದರೆ 50 ವೋಲ್ಟ್ ಆಗುತ್ತದೆ. ಹೊರಗಿನಿಂದ ಅಳೆದರೆ ಈ 50 ಮಾತ್ರ ಕಾಣುತ್ತದೆ. ಒಳಗೆ ಯಾವ ಸೆಲ್ ಸೊರಗಿದೆ, ಯಾವುದು ಉಬ್ಬುತ್ತಿದೆ ಎಂದು ತಿಳಿಯುವುದಿಲ್ಲ. ಚಾರ್ಜ್ ಆಗುವಾಗ ಒಂದೇ ಒಂದು ಸೆಲ್ 4.2 ವೋಲ್ಟ್ ಮುಟ್ಟಿದರೂ ಎಲ್ಲವನ್ನೂ ನಿಲ್ಲಿಸಬೇಕು. ಖಾಲಿಯಾಗುವಾಗ ಒಂದು ಸೋತರೆ ಉಳಿದ ಹದಿಮೂರರ ಶಕ್ತಿಯೂ ವ್ಯರ್ಥ. ಕೂಡುಕುಟುಂಬದ ಹಾಗೆ. ಅದಕ್ಕೇ ಪ್ರತಿ ಸೆಲ್ಲಿನ ಬಳಿಗೂ ಹೋಗಿ ವಿಚಾರಿಸಿಕೊಂಡು ಬರುವ ತಂತಿಗಳು ಬೇಕು, 14 ಸೆಲ್‌ಗಳಿಗೆ 15 ತಂತಿ. ಜೊತೆಗೆ ಬಿಸಿಯನ್ನು ಅಳೆಯಲು ಥರ್ಮಿಸ್ಟರ್ ಎಂಬ ಸಾಸಿವೆ ಗಾತ್ರದ ಬಿಡಿಭಾಗಗಳು. ಮೊದಲು ಇದೆಲ್ಲ ನಿಜವಾಗಿಯೂ ತಂತಿಗಳ ಕಂತೆಯೇ ಆಗಿತ್ತು. ಈಗ ಅದರ ಜಾಗದಲ್ಲಿ ತೆಳ್ಳಗಿನ, ಕಂದುಬಣ್ಣದ, ಬಳುಕುವ ಸರ್ಕ್ಯೂಟ್ ಹಾಳೆಯೊಂದು ಬಂದಿದೆ. ನಮ್ಮ ಕಡೆ ಇದನ್ನು ಫ್ಲೆಕ್ಸ್ ಎನ್ನುತ್ತಾರೆ (ರಾಜಕಾರಣಿಗಳ ಹುಟ್ಟುಹಬ್ಬದ ಫ್ಲೆಕ್ಸ್ ಅಲ್ಲ).

ಅಂಥ ಒಂದು ಹಾಳೆಯ ಮೇಲಿನ ಅರ್ಜಿ ನನ್ನ ಕೈಗೆ ಬಂತು. ಗುರುತು ಸಿಗದಿರಲೆಂದು ವಿವರಗಳನ್ನು ಸ್ವಲ್ಪ ಬದಲಿಸಿ ಹೇಳುತ್ತೇನೆ. ಹಾಳೆಯಲ್ಲಿ ಇಂಗ್ಲಿಷಿನ ಯು ಆಕಾರದಲ್ಲೊಂದು ಸೀಳು. ಆ ಸೀಳಿನಿಂದ ಹಾಳೆಯದೇ ಒಂದು ಭಾಗ ನಾಲಿಗೆಯಂತೆ ಬಿಡಿಸಿಕೊಂಡು ಕೆಳಕ್ಕೆ ಬಾಗುತ್ತದೆ. ನಾಲಿಗೆಯ ತುದಿಯಲ್ಲಿ ಥರ್ಮಿಸ್ಟರ್. ಪ್ಯಾಕನ್ನು ಮುಚ್ಚಿದಾಗ ನಾಲಿಗೆ ಸ್ಪ್ರಿಂಗಿನಂತೆ ಸೆಲ್ಲಿಗೆ ಒತ್ತಿ ಕೂರುತ್ತದೆ. ಅಂಟು ಬೇಡ. ಸೆಲ್ ಉಬ್ಬಲಿ, ರಸ್ತೆಯ ಗುಂಡಿಗೆ ಗಾಡಿ ಕುಕ್ಕಲಿ, ನಾಲಿಗೆ ತಾನೂ ಜೊತೆಗೆ ಆಡುತ್ತದೆ, ಬಿಡುವುದಿಲ್ಲ. ಇಷ್ಟೇ.

ಅರ್ಜಿ ಹಾಕಿ 18 ತಿಂಗಳಾದ ಮೇಲೆ ಅದು ಪ್ರಕಟವಾಗುತ್ತದೆ. ಆಮೇಲೆ ಪೇಟೆಂಟ್ ಮಂಜೂರಾಗುವವರೆಗೆ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಇದು ನಮ್ಮ ಕಾಯ್ದೆಯ ಒಂದು ಒಳ್ಳೆಯ ಗುಣ. ಪೀಣ್ಯದಲ್ಲಿ ಸಣ್ಣದಾಗಿ ಪ್ಯಾಕ್ ತಯಾರಿಸುವವರೊಬ್ಬರು ಹಾಗೆ ವಿರೋಧಿಸಲು ಹೊರಟಿದ್ದರು. ಅವರೂ ಹೆಚ್ಚುಕಡಿಮೆ ಇಂಥದೇ ನಾಲಿಗೆಯನ್ನು ಬಳಸಲು ಶುರುಮಾಡಿದ್ದರು. ಪೇಟೆಂಟ್ ಬಂದರೆ ಹಳೆಯ ಅಂಟಿನ ವಿಧಾನಕ್ಕೆ ಮರಳಬೇಕು ಅಥವಾ ಪರವಾನಗಿಗೆ ದುಡ್ಡು ಕಟ್ಟಬೇಕು. ಹದಿನಾಲ್ಕು ಜನ ಕೆಲಸಗಾರರ ಶೆಡ್ಡು ಅದು. ಅರ್ಜಿದಾರರು ರಾಕ್ಷಸ ಕಂಪನಿಯಾಗಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತೇನೋ. ಅವರೂ ಸಾಲ ಮಾಡಿ ಕೆಲಸ ಶುರುಮಾಡಿದ ಇಬ್ಬರು ಇಂಜಿನಿಯರುಗಳೇ.

‘ನೀವೇ ನೋಡಿ ಮೇಡಂ, ಇದ್ರಲ್ಲೇನಿದೆ? ಹಾಳೆ ಸೀಳಿ ಬಗ್ಗಿಸಿದ್ದಾರೆ. ಎಸ್.ಪಿ. ರೋಡಿನ ಹುಡುಗರು ಕತ್ತರೀಲಿ ಮಾಡ್ತಾರೆ ಇದನ್ನ’ ಎಂದರು ಪೀಣ್ಯದವರು.

ನೋಡಿದೆ. ಅವರು ಹೇಳಿದ್ದು ಸರಿ ಅನ್ನಿಸಿತು. ಇದರಲ್ಲೇನಿದೆ! ಪರೀಕ್ಷಕರ ಮೊದಲ ವರದಿಯೂ ಅದನ್ನೇ ಹೇಳಿತ್ತು. ಮೂರು ಹಳೆಯ ದಾಖಲೆಗಳನ್ನು ಡಿ1, ಡಿ2, ಡಿ3 ಎಂದು ಹೆಸರಿಸಿ, ಒಂದರಲ್ಲಿ ಬ್ಯಾಟರಿಯ ಮೇಲಿನ ಬಳುಕುವ ಹಾಳೆಯಿದೆ, ಇನ್ನೊಂದರಲ್ಲಿ ಸೆಲ್ಲಿಗೆ ತಾಗುವ ಥರ್ಮಿಸ್ಟರ್ ಇದೆ, ಮೂರನೆಯದರಲ್ಲಿ ಬೇರಾವುದೋ ಉಪಕರಣದ ಹಾಳೆಯಲ್ಲಿ ಸೀಳಿದ ನಾಲಿಗೆಯಿದೆ, ಮೂರನ್ನೂ ಸೇರಿಸಿದರೆ ಇದೇ ಆಗುತ್ತದಲ್ಲ ಎಂದು ಆಕ್ಷೇಪವೆತ್ತಿದ್ದರು. ನನ್ನಿಂದ ಬೇಕಾಗಿದ್ದದ್ದು ಒಂದು ಅಫಿಡವಿಟ್: ಈ ವಿದ್ಯೆಯಲ್ಲಿ ನುರಿತವಳಾದ ನನಗೆ ಅರ್ಜಿಯ ದಿನಾಂಕದಂದು ಇದು ಸ್ಪಷ್ಟವಾಗಿ ಹೊಳೆಯುವಂಥದ್ದಾಗಿತ್ತು ಎಂದು.

ತೊಡಕು ಶುರುವಾದದ್ದು ಇಲ್ಲಿ. ಮೂರು ದಾಖಲೆ ಸೇರಿಸಿದರೆ ಇದಾಗುತ್ತದೆ, ನಿಜ. ಆದರೆ ಲಕ್ಷಾಂತರ ದಾಖಲೆಗಳಿರುವ ರಾಶಿಯಿಂದ ಈ ಮೂರನ್ನೇ ಎತ್ತಿಕೊಳ್ಳಬೇಕು ಎಂದು ಹೇಳಿಕೊಟ್ಟದ್ದು ಯಾವುದು? ಆ ಅರ್ಜಿಯೇ. ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡು ಹುಡುಕಿದ್ದರಿಂದ ದಾರಿ ಸಿಕ್ಕಿತು. ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ. ಒಗಟು ಬಿಡಿಸಿದ ಮೇಲೆ ‘ಅಯ್ಯೋ ಇಷ್ಟೇನಾ’ ಎನ್ನದ ಮಗುವಿಲ್ಲ. ಆ ‘ಇಷ್ಟೇನಾ’ ಎಂಬ ಉದ್ಗಾರ ಒಗಟು ಸುಲಭವಾಗಿತ್ತು ಎಂಬುದಕ್ಕೆ ಸಾಕ್ಷಿಯಲ್ಲ, ಒಗಟು ಚೆನ್ನಾಗಿತ್ತು ಎಂಬುದಕ್ಕೇ ಸಾಕ್ಷಿಯಿರಬಹುದು.

ಮನಶ್ಶಾಸ್ತ್ರಜ್ಞ ಬರೂಕ್ ಫಿಷಾಫ್ 1975ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. 1814ರಲ್ಲಿ ಬ್ರಿಟಿಷರಿಗೂ ನೇಪಾಳದ ಗೂರ್ಖರಿಗೂ ನಡೆದ ಯುದ್ಧದ ಹಿನ್ನೆಲೆಯನ್ನು ಓದಲು ಕೊಟ್ಟರು. ಕೆಲವರಿಗೆ ಬ್ರಿಟಿಷರು ಗೆದ್ದರು ಎಂದರು, ಕೆಲವರಿಗೆ ಗೂರ್ಖರು ಗೆದ್ದರು ಎಂದರು, ಕೆಲವರಿಗೆ ಏನೂ ಹೇಳಲಿಲ್ಲ. ಆಮೇಲೆ, ಫಲಿತಾಂಶ ಗೊತ್ತಿಲ್ಲದಿದ್ದರೆ ಏನನ್ನು ಊಹಿಸುತ್ತಿದ್ದಿರಿ ಎಂದು ಕೇಳಿದರೆ, ಜನ ತಮಗೆ ಹೇಳಿದ್ದ ಫಲಿತಾಂಶದ ಕಡೆಗೇ ವಾಲಿದರು. ತಾವು ವಾಲುತ್ತಿದ್ದೇವೆ ಎಂಬುದೂ ಅವರಿಗೆ ತಿಳಿಯಲಿಲ್ಲ. ನನ್ನನ್ನು ಕಾಡುವುದು ಈ ಕೊನೆಯ ಭಾಗ. ತಿಳಿದದ್ದನ್ನು ಬಚ್ಚಿಡಬಹುದು, ಆದರೆ ತಿಳಿಯದ ಸ್ಥಿತಿಗೆ ಹಿಂತಿರುಗುವ ಬಾಗಿಲು ಮುಚ್ಚಿರುತ್ತದೆ. ಸುಳ್ಳು ಹೇಳಬಾರದು ಎಂಬುದು ಗೊತ್ತಿರುವ ನೀತಿ. ಆದರೆ ಪ್ರಾಮಾಣಿಕವಾಗಿಯೇ ತಪ್ಪು ನೆನಪಿಸಿಕೊಳ್ಳುವವನಿಗೆ ಯಾವ ನೀತಿ?

ನಮ್ಮ ಕೋರ್ಟುಗಳೂ ಇಲ್ಲಿ ತಡವರಿಸಿವೆ. ಈ ವಿಷಯದಲ್ಲಿ ಎಲ್ಲರೂ ಉದಾಹರಿಸುವ ತೀರ್ಪು 1978ರದು, ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನದು. ವಸ್ತು ಪಾತ್ರೆ! ಪಾತ್ರೆಗಳನ್ನು ಲೇಥಿಗೆ ಕೊಟ್ಟು ಹೆರೆದು ಹೊಳಪು ಮಾಡುವಾಗ ಅಂಟು ಹಾಕಿ ಹಿಡಿಸುತ್ತಿದ್ದರು. ತಿರುಗುವಾಗ ಪಾತ್ರೆ ಕಿತ್ತು ಹಾರಿ ಕೆಲಸಗಾರರಿಗೆ ಅಪಾಯವಾಗುತ್ತಿತ್ತು. ಹಿಂದಿನಿಂದ ಒತ್ತಿ ಹಿಡಿಯುವ ಒಂದು ವ್ಯವಸ್ಥೆಗೆ 1951ರಲ್ಲಿ ಪೇಟೆಂಟ್ ಪಡೆದಿದ್ದರು. ಅಲಹಾಬಾದ್ ಹೈಕೋರ್ಟಿನ ಏಕಸದಸ್ಯ ಪೀಠ ಇದರಲ್ಲಿ ಹೊಸದೇನಿಲ್ಲ ಎಂದಿತು. ಅದೇ ಕೋರ್ಟಿನ ವಿಭಾಗೀಯ ಪೀಠ ಇದೆ ಎಂದಿತು. ಸುಪ್ರೀಂ ಕೋರ್ಟು ಮತ್ತೆ ಇಲ್ಲ ಎಂದಿತು: ಒತ್ತಿ ಹಿಡಿಯುವ ಲೇಥು ಹಳೆಯದೇ, ಇದು ಕಾರ್ಖಾನೆಯೊಳಗಿನ ಸಣ್ಣ ಸುಧಾರಣೆ, ಅಷ್ಟೇ. ಅಂಟಿನ ಬದಲು ಒತ್ತಡ, ಕೆಲಸಗಾರರ ಸುರಕ್ಷತೆ. ಪಾತ್ರೆ ಬಿಟ್ಟು ಸೆಲ್ ಇಟ್ಟರೆ ನನ್ನ ಮುಂದಿದ್ದ ಅರ್ಜಿಯೇ! ಇದನ್ನು ಓದಿದಾಗ ಪೀಣ್ಯದವರು ಗೆದ್ದರು ಎಂದುಕೊಂಡೆ. ಆದರೆ ಒಂದೇ ಪಾತ್ರೆಯನ್ನು ನೋಡಿ ಮೂರು ಹಂತದ ನ್ಯಾಯಾಧೀಶರು ಹೀಗೆ ಅತ್ತಿತ್ತ ತೂಗಿದ್ದಾರೆ ಎಂದರೆ, ಆ ನುರಿತ ವ್ಯಕ್ತಿ ಮೂರು ಸಲ ಮೂರು ಬೇರೆ ಮನುಷ್ಯರಾಗಿ ಬಂದು ಕೂತಿದ್ದ ಎಂದಲ್ಲವೇ?

ಕಾವ್ಯಮೀಮಾಂಸೆಯವರಿಗೆ ಈ ಗೊಂದಲ ಹೊಸದಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಧ್ವನ್ಯಾಲೋಕದ ಕೊನೆಯ ಭಾಗದಲ್ಲಿ ಕವಿಗಳ ನಡುವಣ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಕನ್ನಡಿಯ ಬಿಂಬದಂಥದ್ದು, ಚಿತ್ರದಂಥದ್ದು, ಹೋಲುವ ಇಬ್ಬರು ಮನುಷ್ಯರಂಥದ್ದು. ಮೊದಲ ಎರಡನ್ನು ಬಿಡಬೇಕು, ಮೂರನೆಯದು ತಪ್ಪಲ್ಲ. ಇಬ್ಬರ ಮುಖಗಳು ಹೋಲಬಹುದು, ಆದರೆ ಎರಡಕ್ಕೂ ಬೇರೆ ಬೇರೆ ಜೀವವಿದೆ. ಪೇಟೆಂಟ್ ಪರೀಕ್ಷಕರ ಕೈಪಿಡಿಗಿಂತ ಇದು ನನಗೆ ಹೆಚ್ಚು ಹಿಡಿಸುತ್ತದೆ. ಬಿಡಿಭಾಗಗಳು ಎಲ್ಲಿಂದ ಬಂದವು ಎಂದು ಕೇಳುವುದಕ್ಕಿಂತ, ಸೇರಿದ ಮೇಲೆ ಅವುಗಳಿಗೆ ಸ್ವಂತ ಉಸಿರಿದೆಯೇ ಎಂದು ಅದು ಕೇಳುತ್ತದೆ. ನಮ್ಮ ಕಾಯ್ದೆಯ 3ನೆಯ ಸೆಕ್ಷನ್ನಿನಲ್ಲೂ ಇದರ ದೂರದ ನೆರಳಿದೆ: ತಮ್ಮ ತಮ್ಮ ಪಾಡಿಗೆ ಹಳೆಯ ರೀತಿಯಲ್ಲೇ ಕೆಲಸ ಮಾಡುವ ವಸ್ತುಗಳನ್ನು ಸುಮ್ಮನೆ ಪಕ್ಕಪಕ್ಕ ಇಟ್ಟರೆ ಅದು ಆವಿಷ್ಕಾರವಲ್ಲ. ಆದರೆ ಕಾವ್ಯಕ್ಕಿರುವ ಅನುಕೂಲ ಯಂತ್ರಕ್ಕಿಲ್ಲ. ಇಬ್ಬರು ಕವಿಗಳು ಒಂದೇ ಚಂದ್ರನನ್ನು ಬರೆದರೆ ಯಾರ ಹೊಟ್ಟೆಯ ಮೇಲೂ ಹೊಡೆತ ಬೀಳುವುದಿಲ್ಲ.

ಎಸ್.ಪಿ. ರೋಡಿನ ಹುಡುಗರ ಮಾತು ಉಳಿಯಿತಲ್ಲ. ಭಾರತದಲ್ಲಿ ಸಾರ್ವಜನಿಕವಾಗಿ ಬಳಕೆಯಲ್ಲಿದ್ದದ್ದನ್ನು ಸಾಬೀತು ಮಾಡಿದರೆ ಕಾನೂನು ಒಪ್ಪುತ್ತದೆ. ಸಾಬೀತು ಮಾಡುವುದು ಯಾರು, ಹೇಗೆ? ರಿಪೇರಿ ಅಂಗಡಿಯ ಬುದ್ಧಿ ಕೈಯಲ್ಲಿರುತ್ತದೆ. ಅದಕ್ಕೆ ತಾರೀಖು ಇರುವುದಿಲ್ಲ, ಬಿಲ್ ಇರುವುದಿಲ್ಲ. ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದರೂ, 1995ರಲ್ಲಿ ಅಮೆರಿಕದಲ್ಲಿ ಅದಕ್ಕೆ ಸಿಕ್ಕಿದ ಪೇಟೆಂಟನ್ನು 1997ರಲ್ಲಿ ರದ್ದು ಮಾಡಿಸಿದ್ದು ಅಜ್ಜಿಯರಲ್ಲ, ಅಚ್ಚಾದ ಕಾಗದ. ಎರಡು ಶನಿವಾರ ನಾನೂ ಎಸ್.ಪಿ. ರೋಡಿನಲ್ಲಿ ಅಲೆದೆ. ನಾಲಿಗೆ ಸೀಳುವವರು ಇದ್ದರು. ಯಾವಾಗಿನಿಂದ ಎಂದು ಕೇಳಿದರೆ ‘ಮುಂಚಿಂದಾನೂ’ ಎಂದರು. ಮುಂಚಿನಿಂದ ಎಂಬ ದಿನಾಂಕ ಚೆನ್ನೈನ ಪೇಟೆಂಟ್ ಕಚೇರಿಯ ಕ್ಯಾಲೆಂಡರಿನಲ್ಲಿಲ್ಲ.

ಇನ್ನೊಂದು ವಾದವನ್ನು ಗೆಳೆಯರು ಮುಂದಿಟ್ಟರು. ಬೆಂಕಿಯನ್ನು ತಡೆಯುವ ವಸ್ತುವಿನ ಮೇಲೆ ಯಾರಿಗೂ ಒಡೆತನ ಇರಬಾರದು, ಆದ್ದರಿಂದ ಕಣ್ಣುಮುಚ್ಚಿ ಸಹಿ ಹಾಕು. 1959ರಲ್ಲಿ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ಮೂರು ಬಿಂದುಗಳಲ್ಲಿ ಹಿಡಿಯುವ ಸೀಟ್ ಬೆಲ್ಟನ್ನು ರೂಪಿಸಿದ. ಪೇಟೆಂಟ್ ಇದ್ದರೂ ಕಂಪನಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಕೊಟ್ಟದ್ದು ದೊಡ್ಡ ಕೆಲಸ. ಆದರೆ ಅದು ಕೊಟ್ಟವರ ದೊಡ್ಡತನ. ಇದು ನಿನ್ನದಲ್ಲವೇ ಅಲ್ಲ ಎಂದು ಹೇಳಿ ಕಿತ್ತುಕೊಂಡರೆ ಅದು ದಾನವಾಗುವುದಿಲ್ಲ. 2022ರಲ್ಲಿ ಸ್ಕೂಟರುಗಳು ಸಾಲಾಗಿ ಹೊತ್ತಿಕೊಂಡು, ಬ್ಯಾಟರಿ ಪರೀಕ್ಷೆಯ ನಿಯಮಗಳು ಬಿಗಿಯಾದದ್ದನ್ನು ನೋಡಿದವಳು ನಾನು. ಸುರಕ್ಷತೆಯ ವಿಷಯ ನನಗೆ ದೂರದ್ದಲ್ಲ. ಆದರೂ ಫಲ ಒಳ್ಳೆಯದಾಗಲಿ ಎಂದು ಸಾಕ್ಷ್ಯವನ್ನು ಬಗ್ಗಿಸುವುದು ನನಗೆ ಒಗ್ಗಲಿಲ್ಲ. ಸುರಕ್ಷತೆಯ ಪೇಟೆಂಟು ಎಲ್ಲರಿಗೂ ಸಿಗಬೇಕೆಂದರೆ ಆ ಜಗಳವನ್ನು ಕಾನೂನು ಮಾಡುವವರ ಜೊತೆ ಆಡಬೇಕು, ಪೇಟೆಂಟ್ ಬೇಡಿದ ಇಬ್ಬರು ಹುಡುಗರ ಜೊತೆಯಲ್ಲ.

ಹಾಗಾದರೆ ನಾನು ಯಾವುದಕ್ಕೆ ಪ್ರಮಾಣ ಮಾಡಬಲ್ಲೆ? ನನ್ನ ಆ ಹಳೆಯ ಮನಸ್ಸಿಗೆ ಮಾಡಲಾರೆ. ಅದು ಈಗ ನನ್ನ ಹತ್ತಿರ ಇಲ್ಲ. ಆದರೆ ಆಗ ನನ್ನ ಕೈ ಏನು ಮಾಡುತ್ತಿತ್ತು ಎಂಬುದಕ್ಕೆ ಲ್ಯಾಬಿನ ನೋಟ್‌ಬುಕ್ ಇದೆ. ತೆಗೆದು ನೋಡಿದೆ. ಅರ್ಜಿ ಸಲ್ಲಿಕೆಯಾದ ತಿಂಗಳಲ್ಲಿ, ಅದಕ್ಕೆ ಮೊದಲ ಒಂದೂವರೆ ವರ್ಷದಲ್ಲಿ, ನಾವು ಥರ್ಮಿಸ್ಟರುಗಳನ್ನು ಹಳದಿ ಕ್ಯಾಪ್ಟನ್ ಟೇಪಿನಿಂದ ಸೆಲ್ಲಿಗೆ ಅಂಟಿಸುತ್ತಿದ್ದೆವು. ಎಲ್ಲ ಲ್ಯಾಬುಗಳೂ ಹಾಗೇ ಮಾಡುತ್ತವೆ. ‘ಟೇಪ್ ಬಿಟ್ಟಿದೆ, ಮತ್ತೆ ಅಂಟಿಸಿದೆ’ ಎಂಬ ವಾಕ್ಯ ಆ ಪುಸ್ತಕದಲ್ಲಿ ಹನ್ನೊಂದು ಕಡೆ ಇದೆ. ಬಳುಕುವ ಹಾಳೆ ಅದೇ ಮೇಜಿನ ಮೇಲಿತ್ತು. ಕತ್ತರಿಯೂ ಇತ್ತು.

ಅಫಿಡವಿಟ್ಟಿನಲ್ಲಿ ಹನ್ನೆರಡು ಪ್ಯಾರಾ ಬರೆದೆ. ಆ ದಿನಾಂಕಕ್ಕೆ ಮೊದಲು ಏನೇನು ಪ್ರಕಟವಾಗಿತ್ತು, ನಮ್ಮ ಕ್ಷೇತ್ರದವರು ಸಾಮಾನ್ಯವಾಗಿ ಯಾವ ಪುಸ್ತಕ, ಯಾವ ಸಮ್ಮೇಳನದ ಪ್ರಬಂಧ ಓದುತ್ತಾರೆ, ಮೂರನೆಯ ದಾಖಲೆಯಂಥದ್ದನ್ನು ಅವರು ತೆರೆದು ನೋಡುವ ಸಂಭವ ಎಷ್ಟು, ನಾಲಿಗೆಯಿಂದ ಬರುವ ಲಾಭ ಎಷ್ಟು ನಿರೀಕ್ಷಿತ, ಎಲ್ಲವೂ ಇತ್ತು. ಅದರಲ್ಲಿ ಬಹಳಷ್ಟು ಪೀಣ್ಯದವರ ಪರವಾಗಿಯೇ ಇತ್ತು. ಹನ್ನೆರಡನೆಯ ಪ್ಯಾರಾದಲ್ಲಿ ಟೇಪಿನ ವಿಷಯ. ಸ್ಪಷ್ಟವಾಗಿ ಹೊಳೆಯುವಂಥದ್ದು ಎಂಬ ಮಾತನ್ನು ಎಲ್ಲೂ ಬಳಸಲಿಲ್ಲ.

ಅವರ ಪೇಟೆಂಟ್ ಏಜೆಂಟ್ ಫೋನ್ ಮಾಡಿದರು. ಸೌಮ್ಯವಾಗಿಯೇ ಮಾತಾಡಿದರು. ‘ಕೊನೇ ಪ್ಯಾರಾ ತೆಗೆದುಬಿಡಿ ಮೇಡಂ. ಸುಳ್ಳು ಸೇರಿಸಿ ಅಂತ ನಾನು ಹೇಳ್ತಾ ಇಲ್ಲ. ಕೇಳದೇ ಇರೋದನ್ನ ಯಾಕೆ ಹೇಳ್ಬೇಕು?’

ಕೇಳಿದ್ದೇ ಅದನ್ನಲ್ಲವೇ ಸರ್, ಎಂದೆ. ನನಗೆ ಹೊಳೆಯುತ್ತಿತ್ತೇ ಎಂದು ತಾನೇ ಪ್ರಶ್ನೆ.

ಅವರು ಬೇರೆ ತಜ್ಞರನ್ನು ನೋಡಿಕೊಂಡರು. ಪೀಣ್ಯದವರು ಬೇಸರ ಮಾಡಿಕೊಳ್ಳಲಿಲ್ಲ, ಅಥವಾ ಮಾಡಿಕೊಂಡರೂ ತೋರಿಸಲಿಲ್ಲ; ದೀಪಾವಳಿಗೆ ಸಿಹಿ ಕಳಿಸಿದರು. ವಿರೋಧದ ವಿಚಾರಣೆ ಇನ್ನೂ ಮುಗಿದಿಲ್ಲ.

ಸಂಶೋಧನೆಗೆ, ವಿದ್ಯಾರ್ಥಿಗಳ ಪಾಠಕ್ಕೆ ಪೇಟೆಂಟ್ ಆದ ವಸ್ತುವನ್ನೂ ಮಾಡಿ ಬಳಸಬಹುದೆಂದು ಕಾಯ್ದೆಯ 47ನೆಯ ಸೆಕ್ಷನ್ ಹೇಳುತ್ತದೆ. ಹೋದ ತಿಂಗಳು ನಮ್ಮ ಲ್ಯಾಬಿನ ಹೊಸ ಪ್ಯಾಕಿಗೆ ಹಾಳೆಯ ನಕ್ಷೆ ಬರೆಯುವಾಗ ಜೂನಿಯರ್ ಹುಡುಗಿಯೊಬ್ಬಳು ತಾನಾಗಿಯೇ ಒಂದು ಯು ಆಕಾರದ ಸೀಳು ಹಾಕಿದ್ದಳು. ಎಲ್ಲಿ ನೋಡಿದೆ ಇದನ್ನು ಎಂದು ಕೇಳಿದೆ.

‘ಎಲ್ಲೂ ನೋಡಿಲ್ಲ ಅಕ್ಕ. ಹಂಗೇ ಅಲ್ವಾ ಮಾಡೋದು?’ ಎಂದಳು.

ಅವಳು ಲ್ಯಾಬಿಗೆ ಸೇರಿದ್ದು ಅರ್ಜಿ ಪ್ರಕಟವಾದ ಮರುವರ್ಷ.