ಗಿಳಿಗೆ ಸೂತಕವುಂಟೆ?

ನಮ್ಮ ಮನೆಯ ಗಿಳಿ ಸತ್ತದ್ದು ಕಾರ್ತೀಕ ಮಾಸದ ಒಂದು ಸೋಮವಾರ, ಬೆಳಗಿನ ಜಾವ. ಎಂಟೂ ಇಪ್ಪತ್ತರ ಬಸ್ಸಿಗೆ ನಾನು ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೊರಡಬೇಕು. ಒಲೆಯ ಮೇಲೆ ಉಪ್ಪಿಟ್ಟಿನ ಬಾಣಲೆ, ಕೈಯಲ್ಲಿ ತಣ್ಣಗಾದ ಹಕ್ಕಿ. ಹಳೆಯ ರವಿಕೆಯ ತುಂಡಿನಲ್ಲಿ ಸುತ್ತಿ, ಹಿತ್ತಿಲ ಸೀಬೆಮರದ ಬುಡದಲ್ಲಿ ಹೂತು, ಕೈ ತೊಳೆದುಕೊಂಡು ಬಸ್ಸು ಹಿಡಿದೆ. ಉಪ್ಪಿಟ್ಟು ಸೀದಿತ್ತೆಂದು ನಮ್ಮ ಯಜಮಾನರು ಸಂಜೆ ಹೇಳಿದರು.

ಮೊದಲ ಪೀರಿಯಡ್ಡಿನಲ್ಲಿ ಹಾಜರಿ ಕೂಗುವಾಗಲೇ ಗಂಟಲು ಕಟ್ಟಿತು. ಬಿಡುವಿನಲ್ಲಿ ಗೆಳತಿಯೊಬ್ಬರು ನನ್ನ ಮುಖ ನೋಡಿ ಗಾಬರಿಯಿಂದ, "ಏನಾಯ್ತು ಮೇಡಂ?" ಎಂದರು. ಗಿಳಿ ಸತ್ತುಹೋಯಿತು ಎಂದೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು, "ಅಬ್ಬಾ, ನಾನು ಯಾರಿಗೋ ಏನೋ ಆಯ್ತು ಅಂದ್ಕೊಂಡೆ" ಎಂದು ನಿಟ್ಟುಸಿರುಬಿಟ್ಟರು. ಅವರದು ಕೆಟ್ಟ ಮನಸ್ಸಲ್ಲ. ಆದರೆ ಆ 'ಯಾರಿಗೋ' ಎಂಬ ಮಾತು ಇಡೀ ದಿನ ನನ್ನನ್ನು ಚುಚ್ಚಿತು.

ಮನುಷ್ಯರು ಸತ್ತರೆ ಹತ್ತು ದಿನ ಸೂತಕವಿದೆ. ಅಕ್ಕಪಕ್ಕದವರು ಅನ್ನ ಸಾರು ತಂದುಕೊಡುತ್ತಾರೆ, ಬಂದವರು ಅದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಾರೆ, ಹೇಳಿ ಹೇಳಿಯೇ ದುಃಖ ಸವೆಯುತ್ತದೆ. ಗಿಳಿಗೆ ಇದೊಂದೂ ಇಲ್ಲ. ರಜೆಯ ಅರ್ಜಿಯಲ್ಲಿ ಕಾರಣವೆಂದು ಏನು ಬರೆಯಲಿ? ಹೊಟ್ಟೆನೋವು ಎಂದು ಬರೆಯಬಹುದು, ಗಿಳಿನೋವು ಎಂದು ಬರೆಯುವಂತಿಲ್ಲ.

ಅದು ನಮ್ಮ ಮನೆಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮ ಅತ್ತೆಯವರ ಊರಿನಲ್ಲಿ ಒಣಗಿದ ತೆಂಗಿನ ಮರವೊಂದನ್ನು ಕಡಿಸಿದಾಗ ಪೊಟರೆಯೊಳಗೆ ಸಿಕ್ಕಿದ ಮರಿ, ಇನ್ನೂ ಪುಕ್ಕ ಬಂದಿರಲಿಲ್ಲ. ಅತ್ತೆಯವರು ಹತ್ತಿಯ ಬತ್ತಿಯನ್ನು ರಾಗಿ ಅಂಬಲಿಯಲ್ಲಿ ಅದ್ದಿ ಅದ್ದಿ ಕುಡಿಸಿ ಬದುಕಿಸಿದರು. ರಾಮು ಎಂದು ಹೆಸರಿಟ್ಟರು. ಆಮೇಲೆ ಅವರು ನಮ್ಮೊಡನೆ ಪಾಂಡವಪುರಕ್ಕೆ ಬಂದಾಗ ಗಂಟಿನ ಜೊತೆ ರಾಮುವಿನ ಪಂಜರವೂ ಬಂತು.

ಅತ್ತೆಗೂ ನನಗೂ ಅಂಥ ಪ್ರೀತಿಯೇನೂ ಇರಲಿಲ್ಲ. ಜಗಳವೂ ಇರಲಿಲ್ಲವೆನ್ನಿ, ಒಂದು ಬಗೆಯ ಒಣ ಮರ್ಯಾದೆ. ಪ್ರತಿದಿನ ಬೆಳಗ್ಗೆ ಐದೂವರೆಗೆ ಜಗಲಿಯಿಂದ, "ಏಳಮ್ಮೀ, ಹಾಲ್ನೋನು ಬಂದ" ಎಂದು ಅವರು ಕೂಗುವ ಧಾಟಿಯಲ್ಲೇ, ನಾನು ಸೋಮಾರಿ ಎಂಬ ಆರೋಪ ಇದೆಯೆಂದು ನನಗೆ ಅನ್ನಿಸುತ್ತಿತ್ತು. ಮೂರು ವರ್ಷದ ಹಿಂದೆ ಅವರು ತೀರಿಕೊಂಡರು. ನಾನು ಅಳಲಿಲ್ಲ. ಬಂದವರಿಗೆ ಕಾಫಿ, ಹಾಸಿಗೆ, ಬಿಸಿನೀರು ಎಂದು ಓಡಾಡಿದೆ. ಎಲ್ಲ ಮುಗಿದು ನೆಂಟರೆಲ್ಲ ಹೋದ ಮಾರನೆಯ ಬೆಳಗ್ಗೆ ಜಗಲಿಯಿಂದ ಅದೇ ಗೊಗ್ಗರು ದನಿ: "ಏಳಮ್ಮೀ, ಹಾಲ್ನೋನು ಬಂದ." ನಾನು ಹಾಸಿಗೆಯಲ್ಲೇ ನಡುಗಿದೆ. ಅಂದಿನಿಂದ ಮೂರು ವರ್ಷ ದಿನವೂ ನನ್ನನ್ನು ಎಬ್ಬಿಸಿದ್ದು ರಾಮು. ಬರಬರುತ್ತಾ ಆ ದನಿಯಲ್ಲಿ ಆರೋಪವೇ ಕೇಳಿಸದಂತಾಯಿತು. ಬಹುಶಃ ಮೊದಲೂ ಇದ್ದಿರಲಾರದು.

ಹಾಗಾದರೆ ನಾನು ಅತ್ತದ್ದು ಗಿಳಿಗೋ, ಅತ್ತೆಗೋ? ಅತ್ತೆಯವರಿಗೆ ಸಲ್ಲಬೇಕಾಗಿದ್ದ ಕಣ್ಣೀರು ಮೂರು ವರ್ಷ ತಡವಾಗಿ ಹಕ್ಕಿಯ ಲೆಕ್ಕಕ್ಕೆ ಜಮೆಯಾಯಿತೇ? ಹೀಗೆಂದುಕೊಂಡರೆ ಸಮಾಧಾನವಾಗುತ್ತದೆ, ಯಾಕೆಂದರೆ ಆಗ ದುಃಖಕ್ಕೆ 'ಯಾರೋ' ಸಿಕ್ಕಂತಾಯಿತು. ಆದರೆ ಅದು ಪೂರ್ತಿ ನಿಜವಲ್ಲ. ನನ್ನ ಬೆರಳಿನ ಮೇಲೆ ಕೂತು ಹಸಿ ಅವರೆಕಾಯಿ ಸುಲಿಯುತ್ತಿದ್ದುದು ರಾಮುವೇ, ಅತ್ತೆಯಲ್ಲ. ಈಗ ಅವರೆಕಾಯಿ ಬಿಡಿಸಲು ಕೂತರೆ ಬೆರಳು ಹಗುರವೆನ್ನಿಸುತ್ತದೆ.

2022ರ ಜುಲೈನಲ್ಲಿ ತುಮಕೂರಿನಲ್ಲಿ ರುಸ್ತುಮ ಎಂಬ ಗಿಳಿ ಕಳೆದುಹೋದದ್ದು ನಿಮಗೆ ನೆನಪಿರಬಹುದು. ಅದು ಆಫ್ರಿಕದ ಬೂದು ಬಣ್ಣದ ಗಿಳಿ. ಹುಡುಕಿಕೊಟ್ಟವರಿಗೆ 50 ಸಾವಿರ ರೂಪಾಯಿ ಬಹುಮಾನವೆಂದು ಸಾರಿದ ಮನೆಯವರು, ಸಿಕ್ಕಿದ ಸಂತೋಷಕ್ಕೆ 85 ಸಾವಿರ ಕೊಟ್ಟರೆಂದು ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ಸ್ಟಾಫ್‌ರೂಮಿನಲ್ಲಿ ಗಟ್ಟಿಯಾಗಿ ಓದಿ, "ದುಡ್ಡು ಹೆಚ್ಚಾದವರ ಆಟ" ಎಂದು ನಕ್ಕವಳು ನಾನೇ. ಮನೆಯಲ್ಲಿ ಗಿಳಿಯನ್ನಿಟ್ಟುಕೊಂಡೇ ನಕ್ಕಿದ್ದೆ. ಹಾಗಿರುವಾಗ ಗೆಳತಿಯ ನಿಟ್ಟುಸಿರಿಗೆ ಬೇಸರಪಡಲು ನನಗೇನು ಹಕ್ಕು?

ಇಷ್ಟಾಗಿದ್ದರೆ ಈ ಬರಹವನ್ನು ಬರೆಯುತ್ತಿರಲಿಲ್ಲ. ಇನ್ನೊಂದು ವಿಷಯವಿದೆ, ಹೇಳಲು ಸ್ವಲ್ಪ ನಾಚಿಕೆಯದು. ನಾನು ಮಕ್ಕಳಿಗೆ ಪರಿಸರದ ಪಾಠ ಮಾಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ನಮ್ಮ ಕಾಡು ತೋಟಗಳ ಹಸಿರು ಗಿಳಿಯನ್ನು ಹಿಡಿದು ಸಾಕುವುದು ಆ ಕಾಯಿದೆಯ ಪ್ರಕಾರ ಅಪರಾಧ. 1991ರ ತಿದ್ದುಪಡಿಯಾದ ಮೇಲಂತೂ ನಮ್ಮ ನಾಡಿನ ಕಾಡುಹಕ್ಕಿಗಳ ವ್ಯಾಪಾರಕ್ಕೇ ತಡೆ ಬಿದ್ದಿದೆ. ಒಮ್ಮೆ ಮಕ್ಕಳನ್ನು ರಂಗನತಿಟ್ಟಿಗೆ ಕರೆದುಕೊಂಡು ಹೋಗಿ, ಸಲೀಂ ಅಲಿಯವರ ಒತ್ತಾಯದಿಂದ ಮೈಸೂರಿನ ಮಹಾರಾಜರು 1940ರಲ್ಲಿ ಇದನ್ನು ಪಕ್ಷಿಧಾಮ ಮಾಡಿದರೆಂದು ಹೇಳುತ್ತಿದ್ದೆ. ದೋಣಿಯ ಎರಡೂ ಬದಿಗೆ ಬಣ್ಣದ ಕೊಕ್ಕರೆಗಳು, ಹೆಜ್ಜಾರ್ಲೆಗಳು. ಬಾಗಿಲಿಲ್ಲ, ಬೇಲಿಯಿಲ್ಲ, ಆದರೂ ವರ್ಷ ವರ್ಷವೂ ಅಲ್ಲಿಗೇ ಬಂದು ಗೂಡು ಕಟ್ಟುತ್ತವೆ. ಆಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಮೆಲ್ಲಗೆ, "ಮಿಸ್, ನಿಮ್ಮನೇಲಿ ಗಿಣಿ ಐತಂತಲ್ಲ, ಅದುಕ್ಕೂ ಹಾರಾಕೆ ಬುಡ್ತೀರಾ?" ಎಂದಳು. ಮೊಸಳೆ ನೋಡಿ ಮೊಸಳೆ ಎಂದು ಬಂಡೆಯತ್ತ ಬೆರಳು ತೋರಿಸಿ ಮಾತು ತಪ್ಪಿಸಿದೆ.

ಅತ್ತೆಯವರು ಇರುವಷ್ಟು ದಿನ ರಾಮುವಿನ ರೆಕ್ಕೆಯ ಗರಿ ಕತ್ತರಿಸುತ್ತಿದ್ದರು. ಅವರು ಹೋದ ಮೇಲೆ ನಾನು ಕತ್ತರಿಸುವುದನ್ನು ನಿಲ್ಲಿಸಿದೆ. ಗರಿ ಬೆಳೆದ ಮೇಲೆ ಒಂದು ಭಾನುವಾರ ಪಂಜರದ ಬಾಗಿಲು ತೆಗೆದಿಟ್ಟೆ. ಅದು ಹೊರಬಂದು ಪಂಜರದ ನೆತ್ತಿಯ ಮೇಲೆ ಕೂತು, ಸೀಬೆಮರದಲ್ಲಿ ಕಿರುಚುತ್ತಿದ್ದ ಕಾಡುಗಿಳಿಗಳನ್ನು ಕತ್ತು ಓರೆ ಮಾಡಿ ನೋಡಿ, ಮತ್ತೆ ಒಳಗೆ ಹೋಯಿತು. ಅಂದು ನನಗಾದ ಸಂತೋಷ ಅಷ್ಟಿಷ್ಟಲ್ಲ. ನೋಡಿ, ಅದಕ್ಕೇ ಬೇಡ, ನಾವೇ ಬೇಕು ಎಂದು ಬೀದಿಯವರಿಗೆಲ್ಲ ಹೇಳಿದೆ. ಕಣ್ಣು ಬಿಡುವ ಮೊದಲೇ ತಂದು ಕೂಡಿಹಾಕಿದ ಜೀವಕ್ಕೆ 'ಬೇಕು' ಎನ್ನಲು ಬೇರೆ ಏನು ಗೊತ್ತಿತ್ತು ಎಂಬ ಯೋಚನೆ ಆಗ ಬರಲಿಲ್ಲ. ಇಷ್ಟು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದವಳಿಗೆ ಅದು ಬರಬೇಕಿತ್ತು.

ಪಶುವೈದ್ಯರೊಬ್ಬರನ್ನು ಆಮೇಲೆ ಕೇಳಿದೆ. ಬೇಟೆಗೆ ಹೆದರಿ ಬದುಕುವ ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವಂತೆ. ಗರಿ ಉಬ್ಬಿಸಿಕೊಂಡು ಸುಮ್ಮನೆ ಕೂತಿತೆಂದರೆ ಆಗಲೇ ತಡವಾಗಿರುತ್ತದೆಯಂತೆ. ಕಡಲೆಬೀಜ, ಸೂರ್ಯಕಾಂತಿ ಬೀಜಗಳನ್ನೇ ಹೆಚ್ಚಾಗಿ ತಿಂದು, ಹಾರಾಟವೂ ಇಲ್ಲದ ಗಿಳಿಗಳಿಗೆ ಯಕೃತ್ತಿನಲ್ಲಿ ಕೊಬ್ಬು ಕಟ್ಟುವುದುಂಟಂತೆ. ಕೊನೆಯ ಎರಡು ದಿನ ರಾಮು ಗರಿ ಉಬ್ಬಿಸಿಕೊಂಡೇ ಕೂತಿತ್ತು. ನಾನು ಚಳಿ ಎಂದುಕೊಂಡು ಪಂಜರಕ್ಕೆ ಶಾಲು ಹೊದಿಸಿ, ಪ್ರೀತಿಯಿಂದ ಒಂದು ಹಿಡಿ ಕಡಲೆಬೀಜ ಹಾಕಿದ್ದೆ.

ಬೇಡನ ಬಾಣಕ್ಕೆ ಬಿದ್ದ ಕ್ರೌಂಚಪಕ್ಷಿಯನ್ನು ಕಂಡು ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಹಕ್ಕಿಗಾಗಿ ಅಳುವುದು ಸಣ್ಣತನವಲ್ಲ ಎನ್ನಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಆ ಕಥೆಯಲ್ಲಿ ಹೊಡೆದವನು ಬೇರೆ, ಅತ್ತವನು ಬೇರೆ. ನಮ್ಮ ಜಗಲಿಯಲ್ಲಿ ಇಬ್ಬರೂ ಒಬ್ಬಳೇ. ಹಾಗೆಂದು ಅಳು ಸುಳ್ಳಾಗುತ್ತದೆಯೆ? ನನಗೆ ಹಾಗೆ ಕಾಣುವುದಿಲ್ಲ. ಪಂಜರದಲ್ಲಿಟ್ಟವಳು ನಾನು ಎಂಬುದೂ ನಿಜ, ಅದರ ಮೇಲೆ ಪ್ರಾಣವಿಟ್ಟುಕೊಂಡಿದ್ದೆ ಎಂಬುದೂ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಒರೆಸಲು ಆಗುತ್ತಿಲ್ಲ.

ಈಗ ಐದೂವರೆಗೆ ಎಚ್ಚರವಾಗುತ್ತದೆ, ಯಾರೂ ಕೂಗುವುದಿಲ್ಲ. ಹಾಲಿನವನು ಗೇಟಿಗೆ ಚೀಲ ಸಿಕ್ಕಿಸಿ ಹೋಗುತ್ತಾನೆ.

ಹೋದ ವಾರ ಎದುರುಮನೆಯಾಕೆ ಬಂದು, ಮೊಮ್ಮಗನಿಗೆ ಲವ್‌ಬರ್ಡ್ಸ್ ತರುತ್ತಾರಂತೆ, ಪಂಜರ ಸುಮ್ಮನೆ ತುಕ್ಕು ಹಿಡಿಯುತ್ತಿದೆಯಲ್ಲ, ಕೊಡುತ್ತೀರಾ ಎಂದು ಕೇಳಿದರು. ಆ ಹಕ್ಕಿಗಳು ಹೊರದೇಶದವು, ಸಾಕಿದರೆ ಅಪರಾಧವೇನಲ್ಲ ಎಂದು ನಮ್ಮ ಯಜಮಾನರೂ ದನಿಗೂಡಿಸಿದರು. ನಾಳೆ ಹೇಳುತ್ತೇನೆ ಎಂದೆ. ಪಂಜರವನ್ನು ತೊಳೆದು, ಒರೆಸಿ, ಅಟ್ಟದ ಮೇಲಿಟ್ಟಿದ್ದೇನೆ. ಆಕೆ ದಿನವೂ ಗೇಟಿನ ಹತ್ತಿರ ನಿಂತು ನೋಡುತ್ತಾರೆ. ನಾನು ಬಸ್ಸಿಗೆ ಹೊತ್ತಾಯಿತೆಂದು ಓಡುತ್ತೇನೆ.